ಮಸ್ಟಾಂಗ್ ಕಾರಿನ ಹಿಂದಿನ ಆಕ್ಸಲ್ ಮನೆಯಲ್ಲೇ ಬದಲಿಸುವುದು ಹೇಗೆ?



ಹೊಸೂರಿನ ನಮ್ಮ ಹಿರಿಯ ಸದಸ್ಯರೊಬ್ಬರ ಮಗ ಅಮೆರಿಕದ ಮಿಷಿಗನ್ ರಾಜ್ಯದಲ್ಲಿದ್ದಾನೆ. ಅವನು ತನ್ನ ಮನೆಯ ಗ್ಯಾರೇಜಿನಲ್ಲೇ 1967ರ ಫೋರ್ಡ್ ಮಸ್ಟಾಂಗ್ ಕಾರಿನ ಹಿಂದಿನ ಆಕ್ಸಲ್ ಬದಲಿಸಿದ ಚಿತ್ರಗಳನ್ನು ನಮ್ಮ ವಾಟ್ಸಾಪ್ ಗುಂಪಿನಲ್ಲಿ ಹಾಕಿದಾಗಿನಿಂದ ಸೊಲ್ಲಾಪುರ, ಆದೋನಿ, ಕಾಸರಗೋಡು ಕಡೆಯ ಸದಸ್ಯರು ಒಂದೇ ಮಾತು ಕೇಳುತ್ತಿದ್ದಾರೆ: ಇದನ್ನು ಹೇಗೆ ಮಾಡಿದರು, ಸ್ವಲ್ಪ ಬಿಡಿಸಿ ಬರೆಯಿರಿ. ನಮ್ಮ ಸದಸ್ಯರಲ್ಲಿ ಲಾರಿ ಇಟ್ಟವರು, ಗ್ಯಾರೇಜು ನಡೆಸುವವರು, ಕಾರ್ಖಾನೆಯಲ್ಲಿ ಗೇರು ಆಕ್ಸಲ್ ಜೋಡಿಸಿ ನಿವೃತ್ತರಾದವರು ಬಹಳ ಮಂದಿ ಇದ್ದಾರೆ. ಈ ಹಿರಿಯರೂ ಅಂಥವರೇ. ಲಾರಿ ಹೌಸಿಂಗುಗಳ ನಡುವೆಯೇ ಮೂವತ್ತಕ್ಕೂ ಹೆಚ್ಚು ವರ್ಷ ಕಳೆದವರು. ಆರು ಭಾನುವಾರ ಅವರ ಮನೆಯ ಜಗುಲಿಯಲ್ಲಿ ಕೂತು ವಿಡಿಯೋ ಕರೆಯಲ್ಲಿ ನಾವೂ ಈ ಕೆಲಸ ನೋಡಿದೆವು. ನೋಡಿದ್ದರ ಜೊತೆಗೆ ಅದರ ಹಿಂದಿನ ಲೆಕ್ಕವನ್ನೂ ಸೇರಿಸಿ ಇಲ್ಲಿ ಬರೆದಿದ್ದೇವೆ.

ಮೊದಲು ಪದಗಳ ವಿಚಾರ. ಆಕ್ಸಲ್ಲಿನ ಮೇಲೆ ಗಾಡಿಯ ಭಾರ ಹೊರುವ ಪಟ್ಟಿಗಳ ಕಟ್ಟಿಗೆ ಸೊಲ್ಲಾಪುರದವರು ಕಮಾನ್ ಪಾಟಾ ಎನ್ನುತ್ತಾರೆ, ಕಾಸರಗೋಡಿನವರು ಲೀಫ್ ಸೆಟ್ ಎನ್ನುತ್ತಾರೆ, ಹೊಸೂರಿನಲ್ಲಿ ನಾವು ಬ್ಲೇಡ್ ಎನ್ನುತ್ತೇವೆ. ಈ ಲೇಖನದಲ್ಲಿ ಕಮಾನು ಪಟ್ಟಿ ಎಂದೇ ಇಟ್ಟುಕೊಂಡಿದ್ದೇವೆ. ಹೌಸಿಂಗ್, ಕ್ರೌನ್, ಪಿನಿಯನ್, ಡಿಫರೆನ್ಷಿಯಲ್, ಪ್ರೊಪೆಲ್ಲರ್ ಶಾಫ್ಟ್, ಯೂ ಬೋಲ್ಟ್ ಎಲ್ಲ ಕಡೆಯೂ ಒಂದೇ. ಗ್ಯಾರೇಜಿನ ಭಾಷೆಗೆ ಗಡಿ ಇಲ್ಲ.

ಬದಲಿಸುವ ಅಗತ್ಯವೇನಿತ್ತು?

ಮಸ್ಟಾಂಗ್ ಮಾರುಕಟ್ಟೆಗೆ ಬಂದದ್ದು 1964ರ ಏಪ್ರಿಲಿನಲ್ಲಿ. ಹೊರಗಿನಿಂದ ಎಲ್ಲವೂ ಒಂದೇ ಥರ ಕಂಡರೂ ಒಳಗೆ ಎರಡು ಬೇರೆ ಕಾರುಗಳು. ಆರು ಸಿಲಿಂಡರಿನದು ಸಂಸಾರಸ್ಥರ ಕಾರು, ಎಂಟು ಸಿಲಿಂಡರಿನ ವೀ-8 ಹುಡುಗರ ಕಾರು. ಆರು ಸಿಲಿಂಡರಿನ ಕಾರಿಗೆ ಕಂಪನಿ ಕೊಟ್ಟದ್ದು 7.25 ಇಂಚಿನ ಕ್ರೌನ್ ಇರುವ ಸಣ್ಣ ಆಕ್ಸಲ್, ಚಕ್ರಕ್ಕೆ ನಾಲ್ಕೇ ನಟ್ಟು. ವೀ-8 ಕಾರಿಗೆ 8 ಇಂಚಿನ ಆಕ್ಸಲ್, ಚಕ್ರಕ್ಕೆ ಐದು ನಟ್ಟು. ಅತಿ ಶಕ್ತಿಯ ಎಂಜಿನ್ ಕೇಳಿದವರಿಗೆ 9 ಇಂಚಿನದು.

ನಮ್ಮ ಹುಡುಗ ಕೊಂಡ ಕಾರು ಹುಟ್ಟಿದ್ದು ಆರು ಸಿಲಿಂಡರಿನದಾಗಿ. ಹಿಂದಿನ ಮಾಲೀಕರಲ್ಲಿ ಯಾರೋ ಅದಕ್ಕೆ 289 ಘನ ಇಂಚಿನ ವೀ-8 ಎಂಜಿನ್ನನ್ನೂ ನಾಲ್ಕು ಗೇರಿನ ಪೆಟ್ಟಿಗೆಯನ್ನೂ ಕೂರಿಸಿ, ಹಿಂದಿನ ಆಕ್ಸಲ್ ಹಾಗೆಯೇ ಬಿಟ್ಟಿದ್ದರು. ಇಂಥ ಅರ್ಧ ಕೆಲಸದ ಕಾರುಗಳು ಅಲ್ಲಿ ಬೇಕಾದಷ್ಟಿವೆಯಂತೆ. ಎಂಜಿನ್ ಕಣ್ಣಿಗೆ ಕಾಣುತ್ತದೆ, ಕಿವಿಗೆ ಕೇಳುತ್ತದೆ; ಆಕ್ಸಲ್ ಕಾಣುವುದೂ ಇಲ್ಲ, ಕೇಳುವುದೂ ಇಲ್ಲ, ಮುರಿಯುವವರೆಗೆ. ಮಗ ಚಕ್ರದ ಚಿತ್ರ ಕಳಿಸಿ ಬಣ್ಣ ಹೇಗಿದೆ ಎಂದು ಕೇಳಿದಾಗ, ತಂದೆ ನೋಡಿದ್ದು ನಾಲ್ಕು ನಟ್ಟುಗಳನ್ನು. "ಇಷ್ಟು ದೊಡ್ಡ ಎಂಜಿನ್ನಿಗೆ ನಾಲ್ಕು ನಟ್ಟೇ?" ಎಂದು ಕೇಳಿದರು. ಅಲ್ಲಿಂದ ಎಲ್ಲವೂ ಶುರುವಾಯಿತು.

ಲೆಕ್ಕ ನೋಡಿ. 200 ಘನ ಇಂಚಿನ ಆರು ಸಿಲಿಂಡರ್ ಎಂಜಿನ್ನಿನ ತಿರುಗುಬಲ, ಅಂದರೆ ಟಾರ್ಕ್, ಅಂದಿನ ಅಳತೆಯಲ್ಲಿ ಸುಮಾರು 258 ನ್ಯೂಟನ್ ಮೀಟರ್. ಎರಡು ಬಾಯಿಯ ಕಾರ್ಬ್ಯುರೇಟರ್ ಇರುವ 289 ವೀ-8ರದು ಸುಮಾರು 382. ಹತ್ತಿರ ಹತ್ತಿರ ಒಂದೂವರೆ ಪಟ್ಟು. ಆದರೆ ಆಕ್ಸಲ್ಲಿಗೆ ಬರುವುದು ಇಷ್ಟೇ ಅಲ್ಲ. ಮೊದಲ ಗೇರಿನ ಅನುಪಾತ 2.78 ಎಂದರೆ ಪ್ರೊಪೆಲ್ಲರ್ ಶಾಫ್ಟಿನಲ್ಲಿ 382 ಹೋಗಿ 1,060 ಆಗುತ್ತದೆ. ಪಿನಿಯನ್ನಿನ ಹಲ್ಲು ತಡೆಯಬೇಕಾದದ್ದು ಇದನ್ನು. ಕ್ರೌನ್-ಪಿನಿಯನ್ ಅನುಪಾತ 3.50 ಇದ್ದರೆ ಎರಡು ಆಕ್ಸಲ್ ಶಾಫ್ಟುಗಳಿಗೆ ಒಟ್ಟು 3,700 ನ್ಯೂಟನ್ ಮೀಟರ್ ದಾಟುತ್ತದೆ. 26 ಇಂಚಿನ ಟೈರಿನ ಅಂಚಿನಲ್ಲಿ ಇದು ಸುಮಾರು 1,100 ಕಿಲೋ ತಳ್ಳುವಷ್ಟು ಬಲ.

ಈಗ ಒಂದು ಸ್ವಾರಸ್ಯ. ಅಂಥ ಕಾರಿನ ಹಿಂದಿನ ಎರಡು ಚಕ್ರಗಳ ಮೇಲೆ ಬೀಳುವ ಭಾರ ಸುಮಾರು 600 ಕಿಲೋ. ಡಾಂಬರಿನ ಮೇಲೆ ಟೈರು ಅದಕ್ಕಿಂತ ಹೆಚ್ಚು ಹಿಡಿಯುವುದು ಕಷ್ಟ. ಅಂದರೆ ಎಂಜಿನ್ ಪೂರ್ತಿ ಬಲ ಕೊಡುವ ಮೊದಲೇ ಟೈರು ಜಾರಿ ಗಿರ್ರನೆ ಸುತ್ತುತ್ತದೆ. ಸಣ್ಣ ಆಕ್ಸಲ್ಲನ್ನು ಇಷ್ಟು ದಿನ ಕಾಪಾಡಿದ್ದು ಈ ಜಾರುವಿಕೆಯೇ, ಮನೆಯ ವಿದ್ಯುತ್ ಫ್ಯೂಸಿನ ಹಾಗೆ. ಹಳೆಯ ಸಪೂರ ಟೈರು ತೆಗೆದು ಅಗಲವಾದ ಒಳ್ಳೆ ಟೈರು ಹಾಕಿದ ದಿನ ಫ್ಯೂಸ್ ತೆಗೆದು ತಾಮ್ರದ ತಂತಿ ಕಟ್ಟಿದಂತೆ. ಆಮೇಲೆ ಮುರಿಯುವುದು ಹಲ್ಲೋ ಶಾಫ್ಟೋ. ಹುಡುಗ ಹೊಸ ಟೈರು ಕೊಳ್ಳುವವನಿದ್ದ. "ಮೊದಲು ಆಕ್ಸಲ್, ಆಮೇಲೆ ಟೈರು" ಎಂದು ತಂದೆ ತಡೆದರು.

ಲಾರಿಯವರಿಗೆ ಇಲ್ಲೊಂದು ಮಾತು ಹೇಳಬೇಕು. ನಮ್ಮ ಭಾರದ ಲಾರಿಗಳಲ್ಲಿ ಆಕ್ಸಲ್ ಶಾಫ್ಟ್ ಭಾರ ಹೊರುವುದಿಲ್ಲ, ತಿರುಗಿಸುವುದಷ್ಟೇ ಅದರ ಕೆಲಸ. ಹಬ್ಬು ಹೌಸಿಂಗಿನ ಮೇಲೆ ತನ್ನದೇ ಬೇರಿಂಗಿನಲ್ಲಿ ಕೂತಿರುತ್ತದೆ. ಶಾಫ್ಟ್ ತುಂಡಾದರೆ ಲೋಡು ಇಳಿಸದೆಯೇ ಹೊರಗೆಳೆದು ಬೇರೆ ಹಾಕಬಹುದು. ಚಕ್ರ ಜಾಗ ಬಿಡುವುದಿಲ್ಲ. ಕಾರಿನಲ್ಲಿ ಹಾಗಲ್ಲ. ಶಾಫ್ಟಿನ ತುದಿಗೇ ಚಕ್ರ, ಭಾರ ಹೊರುವುದೂ ಅದೇ, ತಿರುಗಿಸುವುದೂ ಅದೇ. ಅದರಲ್ಲೂ ಆ ಕಾಲದ ಷೆವ್ರೊಲೆ ಕಾರುಗಳ 10 ಬೋಲ್ಟ್, 12 ಬೋಲ್ಟ್ ಆಕ್ಸಲ್‌ಗಳಲ್ಲಿ ಶಾಫ್ಟನ್ನು ಹಿಡಿದಿಡುವುದು ಡಿಫರೆನ್ಷಿಯಲ್ಲಿನ ಒಳಗಿರುವ ಕುದುರೆ ಲಾಳದ ಆಕಾರದ ಒಂದು ಸಣ್ಣ ಕ್ಲಿಪ್ಪು. ಶಾಫ್ಟ್ ಮಧ್ಯದಲ್ಲಿ ತುಂಡಾದರೆ ಚಕ್ರ, ಡ್ರಮ್ಮು, ಮುರಿದ ತುಂಡು ಎಲ್ಲ ಒಟ್ಟಿಗೆ ಹೊರಗೆ ಜಾರುತ್ತವೆ. ಫೋರ್ಡಿನ 8 ಮತ್ತು 9 ಇಂಚಿನವುಗಳಲ್ಲಿ ಬೇರಿಂಗನ್ನು ಶಾಫ್ಟಿನ ಹೊರತುದಿಗೆ ಒತ್ತಿ ಕೂರಿಸಿ, ಒಂದು ತಟ್ಟೆಯಿಂದ ಹೌಸಿಂಗಿನ ಬಾಯಿಗೆ ನಾಲ್ಕು ಬೋಲ್ಟು ಹಾಕಿ ಬಿಗಿದಿರುತ್ತಾರೆ. ಒಳಗೆ ಮುರಿದರೂ ಚಕ್ರ ಸಾಮಾನ್ಯವಾಗಿ ಜಾಗದಲ್ಲೇ ಇರುತ್ತದೆ. ಹಿರಿಯರು 9 ಇಂಚಿನದೇ ಆಗಲಿ ಎಂದು ಹಟ ಹಿಡಿದದ್ದಕ್ಕೆ ಈ ತಟ್ಟೆಯೇ ಮುಖ್ಯ ಕಾರಣ.

9 ಇಂಚಿನ ಗುಣ

ಫೋರ್ಡ್ ಈ ಆಕ್ಸಲ್ಲನ್ನು 1957ರ ಮಾದರಿಗಳಿಂದ 1986ರವರೆಗೆ ತನ್ನ ಕಾರು ಮತ್ತು ಪಿಕಪ್ ಗಾಡಿಗಳಿಗೆ ಹಾಕಿತು. ಇಂದಿಗೂ ಬೇರೆಯವರು ಇದರ ಎಲ್ಲ ಭಾಗಗಳನ್ನೂ ಹೊಸದಾಗಿ ಮಾಡಿ ಮಾರುತ್ತಾರೆ. ಕ್ರೌನ್ ದೊಡ್ಡದು ಎನ್ನುವುದೊಂದೇ ಇದರ ಗುಟ್ಟಲ್ಲ. ಪಿನಿಯನ್ನು ಕ್ರೌನಿನ ಮಧ್ಯರೇಖೆಗಿಂತ ಸುಮಾರು 57 ಮಿಲಿಮೀಟರ್ ಕೆಳಗೆ ಕೂತಿದೆ. ಬೇರೆ ಹಲವು ಆಕ್ಸಲ್‌ಗಳಲ್ಲಿ ಇದು 38ರ ಆಸುಪಾಸು. ಕೆಳಗೆ ಹೋದಷ್ಟೂ ಒಂದೇ ಸಲಕ್ಕೆ ಹೆಚ್ಚು ಹಲ್ಲು ಹಿಡಿಯುತ್ತದೆ, ಪಿನಿಯನ್ನೂ ದಪ್ಪವಾಗುತ್ತದೆ. ಜೊತೆಗೆ ಪಿನಿಯನ್ನಿನ ಒಳತುದಿಗೂ ಒಂದು ಸಣ್ಣ ಬೇರಿಂಗ್ ಉಂಟು. ಒಟ್ಟು ಮೂರು ಬೇರಿಂಗಿನ ಆಧಾರ. ಬಲ ಬಿದ್ದಾಗ ಪಿನಿಯನ್ ಮುಖ ತಿರುಗಿಸಿಕೊಂಡು ಓಡುವುದಿಲ್ಲ. ಇದಕ್ಕೆ ತೆರಿಗೆಯೂ ಇದೆ. ಕೆಳಗೆ ಕೂತ ಪಿನಿಯನ್ನಿನ ಹಲ್ಲು ಉರುಳುವುದಕ್ಕಿಂತ ಹೆಚ್ಚು ಉಜ್ಜುತ್ತದೆ. ಘರ್ಷಣೆ ಹೆಚ್ಚು, ಬಿಸಿ ಹೆಚ್ಚು, ಪೆಟ್ರೋಲೂ ಒಂದಿಷ್ಟು ಹೆಚ್ಚು. ಹಾಗಾಗಿ ಸಾಧಾರಣ ವೀ-8 ಇಟ್ಟುಕೊಂಡು ನಿಧಾನವಾಗಿ ಓಡಿಸುವವರಿಗೆ 8 ಇಂಚಿನದೇ ಸಾಕು ಎಂಬುದು ನಮ್ಮ ಅಭಿಪ್ರಾಯ. ಹುಡುಗನ ಮನಸ್ಸು ನಿಧಾನಕ್ಕೆ ಒಪ್ಪುವುದಲ್ಲ ಎಂದು ತಂದೆಗೆ ಗೊತ್ತಿತ್ತು.

ಹಳೆಯ ಸಾಮಾನು ಕೊಳ್ಳುವಾಗ 8 ಯಾವುದು 9 ಯಾವುದು ಎಂದು ಗುರುತಿಸಲು ಸುಲಭ ದಾರಿಯಿದೆ. ಎರಡರಲ್ಲೂ ಕ್ರೌನ್-ಪಿನಿಯನ್ ಇರುವ ಮುಂಡ ಹತ್ತು ನಟ್ಟು ಬಿಚ್ಚಿದರೆ ಮುಂಭಾಗದಿಂದ ಇಡಿಯಾಗಿ ಹೊರಬರುತ್ತದೆ, ನಮ್ಮ ಲಾರಿಗಳ ಹಾಗೆಯೇ. 8 ಇಂಚಿನದಕ್ಕೆ ಹತ್ತೂ ನಟ್ಟಿಗೆ ನೇರವಾಗಿ ಸಾಕೆಟ್ ಹಿಡಿಯುತ್ತದೆ. 9 ಇಂಚಿನದರಲ್ಲಿ ಕೆಳಗಿನ ಎರಡು ನಟ್ಟಿಗೆ ಮುಂಡದ ಹೊಟ್ಟೆ ಅಡ್ಡ ಬರುತ್ತದೆ, ರಿಂಗ್ ಸ್ಪ್ಯಾನರೇ ಬೇಕು.

ಅಳತೆ ಪಟ್ಟಿ ಉಳಿಸಿದ ಹಣ

ಒಬ್ಬ ಮಾರಾಟಗಾರ "ಮಸ್ಟಾಂಗಿನದೇ 9 ಇಂಚು" ಎಂದು ಒಂದನ್ನು ತೋರಿಸಿದ. ಬೆಲೆಯೂ ಪರವಾಗಿಲ್ಲ. ಮುಂಗಡ ಕೊಡುವ ಮೊದಲು ತಂದೆ ವಿಡಿಯೋದಲ್ಲಿ "ಟೇಪು ಹಿಡಿ" ಎಂದರು. ಒಂದು ಬದಿಯ ಚಕ್ರ ಕೂರುವ ಮುಖದಿಂದ ಇನ್ನೊಂದು ಬದಿಯ ಮುಖದವರೆಗೆ 61.25 ಇಂಚು ಬಂತು. ಮಸ್ಟಾಂಗಿನದು ಎಂಬುದು ಸುಳ್ಳಲ್ಲ. ಆದರೆ ಅದು 1971ರಿಂದ 1973ರವರೆಗಿನ ಅಗಲದ ಕಾರಿನದು. 1967ರಿಂದ 1970ರವರೆಗಿನದಕ್ಕೆ ಬೇಕಾದದ್ದು 59.25. 1965 ಮತ್ತು 1966ರದಕ್ಕೆ ಇನ್ನೂ ಎರಡು ಇಂಚು ಕಡಿಮೆ, 57.25. ಎರಡು ಇಂಚು ಅಂದರೆ ಬದಿಗೆ ಒಂದು ಇಂಚು. ಹಳ್ಳಕ್ಕೆ ಇಳಿದ ತಕ್ಷಣ ಟೈರು ಮಡ್‌ಗಾರ್ಡಿನ ಅಂಚನ್ನು ಕೊಯ್ಯುತ್ತದೆ, ಅಥವಾ ಅಂಚೇ ಟೈರನ್ನು ಕೊಯ್ಯುತ್ತದೆ. ಹೌಸಿಂಗಿನ ಕೊಳವೆ ಕತ್ತರಿಸಿ ಕಿರಿದು ಮಾಡುವುದುಂಟು, ಆದರೆ ಅದು ಮನೆಯ ಕೆಲಸವಲ್ಲ. ಎರಡೂ ತುದಿಯ ಬೇರಿಂಗ್ ಮನೆಗಳು ಮಧ್ಯದ ಮುಂಡದೊಡನೆ ಒಂದೇ ಗೆರೆಯಲ್ಲಿ ನಿಲ್ಲಬೇಕು. ಅದಕ್ಕೆ ಉದ್ದದ ಸರಳೂ ಜಿಗ್ಗೂ ಬೇಕು.

ಹಳೆಯ ಲಿಂಕನ್ ವರ್ಸೇಲ್ಸ್ ಕಾರಿನ 9 ಇಂಚಿನದನ್ನು ಹುಡುಕುವವರಿದ್ದಾರೆ. ಅದಕ್ಕೆ ಹಿಂದೆ ಡಿಸ್ಕ್ ಬ್ರೇಕ್ ಇರುತ್ತದೆ. ಅಗ್ಗದ ದಾರಿ ಬೇಕೆನ್ನುವವರು 1995ರ ನಂತರದ ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಯ 8.8 ಇಂಚಿನದನ್ನು ತರುತ್ತಾರೆ. ಅದಕ್ಕೂ ಡಿಸ್ಕ್ ಬ್ರೇಕ್ ಉಂಟು, ಶಾಫ್ಟೂ ದಪ್ಪ, ಆದರೆ ಶಾಫ್ಟ್ ಹಿಡಿಯುವುದು ಮತ್ತೆ ಅದೇ ಲಾಳದ ಕ್ಲಿಪ್ಪು, ಪಿನಿಯನ್ನೂ ನಡುಮಧ್ಯದಲ್ಲಿಲ್ಲ. ಕೊನೆಗೆ ಹುಡುಗ ಕೊಂಡದ್ದು ಸರಿಯಾದ ಅಗಲಕ್ಕೆ ಹೊಸದಾಗಿ ಮಾಡಿದ ಖಾಲಿ ಹೌಸಿಂಗು. ಖರ್ಚು ಜಾಸ್ತಿಯೇ ಆಯಿತು. ಖಾಲಿ ಕೊಳ್ಳುವಾಗ ಕೊಳವೆಯ ತುದಿಯ ಬೋಲ್ಟುಗಳ ಅಂತರ ತನ್ನ ಬ್ರೇಕ್ ತಟ್ಟೆಗೆ ಹೊಂದುತ್ತದೆಯೇ ಎಂದು ಕೇಳಿಕೊಳ್ಳಬೇಕು. ತುದಿಗಳಲ್ಲಿ ಹಲವು ಮಾದರಿಗಳಿವೆ. ಈ ಒಂದು ಪ್ರಶ್ನೆ ಮರೆತವರು ಎರಡು ಸಲ ಕೊಳ್ಳುತ್ತಾರೆ.

ಅನುಪಾತ ಯಾವುದು? ಮೊದಲು ಇರುವುದನ್ನು ತಿಳಿಯಬೇಕು. ಹಿಂದಿನ ಎರಡೂ ಚಕ್ರ ಎತ್ತಿ, ಗೇರು ನ್ಯೂಟ್ರಲ್ಲಿಗೆ ಹಾಕಿ, ಒಂದು ಚಕ್ರ ಅಲ್ಲಾಡದಂತೆ ಹಿಡಿದು, ಇನ್ನೊಂದನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿದರೆ ಕ್ರೌನ್ ಒಂದು ಸುತ್ತು ತಿರುಗುತ್ತದೆ. ಅಷ್ಟರಲ್ಲಿ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತಿತೋ ಅದೇ ಅನುಪಾತ. ಶಾಫ್ಟಿಗೆ ಸುಣ್ಣದ ಗೆರೆ ಹಾಕಿ ಎಣಿಸಿದಾಗ ಮೂರು ಸುತ್ತಿನ ಮೇಲೆ ಸ್ವಲ್ಪ, ಅಂದರೆ 3.20. ಟಾಪ್ ಗೇರಿನಲ್ಲಿ 100 ಕಿಲೋಮೀಟರ್ ವೇಗಕ್ಕೆ 26 ಇಂಚಿನ ಟೈರು ನಿಮಿಷಕ್ಕೆ ಸುಮಾರು 803 ಸುತ್ತು ಸುತ್ತುತ್ತದೆ. 3.20ಕ್ಕೆ ಎಂಜಿನ್ 2,570, 3.50ಕ್ಕೆ 2,810, ರೇಸಿನ ಹುಚ್ಚಿನವರು ಹಾಕುವ 4.11ಕ್ಕೆ 3,300. ಹುಡುಗ 4.11 ಕೇಳಿದ. ಆ ಗೇರುಪೆಟ್ಟಿಗೆಯಲ್ಲಿ ಓವರ್‌ಡ್ರೈವ್ ಇಲ್ಲ, ಹೆದ್ದಾರಿಯಲ್ಲಿ ದಿನವಿಡೀ ಎಂಜಿನ್ ಕಿರುಚುತ್ತದೆ. ವಾದ ವಿವಾದದ ನಂತರ 3.50ಕ್ಕೆ ರಾಜಿಯಾಯಿತು.

ಕ್ರೌನ್-ಪಿನಿಯನ್ ಜೋಡಿಸುವ ಕೆಲಸವನ್ನು ಮಾತ್ರ ಮನೆಯಲ್ಲಿ ಮಾಡಬೇಡಿ ಎಂಬುದು ಹಿರಿಯರ ಖಡಾಖಂಡಿತ ಮಾತು. ಹೇಳುವವರು ಅದನ್ನೇ ಜೀವನಪೂರ್ತಿ ಮಾಡಿದವರು. ಪಿನಿಯನ್ನಿನ ಆಳವನ್ನು ತಗಡಿನ ಶಿಮ್ಮುಗಳಿಂದ ಸರಿಪಡಿಸಬೇಕು. ಹಲ್ಲು ಹಲ್ಲಿನ ನಡುವಿನ ಸಡಿಲ ಕಾಲು ಮಿಲಿಮೀಟರಿನ ಆಸುಪಾಸಿನಲ್ಲಿ ಇರಬೇಕು, ಬೇರಿಂಗಿನ ಬಿಗಿ ಬೇರೆಯೇ ಅಳತೆ. ಕೊನೆಗೆ ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿ, ಗುರುತು ಹಲ್ಲಿನ ನಡುವೆ ಬಿದ್ದಿದೆಯೇ, ತುದಿಗೋ ಬುಡಕ್ಕೋ ಓಡಿದೆಯೇ ಎಂದು ನೋಡಬೇಕು. ಒಂದು ತಿದ್ದಿದರೆ ಇನ್ನೊಂದು ಕದಲುತ್ತದೆ. ತಪ್ಪಿದರೆ ಮೊದಲ ದಿನವೇ ಗುಂಯ್ ಎನ್ನುತ್ತದೆ, ಕೆಲವು ತಿಂಗಳಲ್ಲಿ ಹಲ್ಲು ಉದುರುತ್ತದೆ. ಮುಂಡ ಇಡಿಯಾಗಿ ಹೊರಬರುವ ಆಕ್ಸಲ್ಲಿನ ಸುಖವೇ ಇದು: ಮುಂಡವನ್ನು ಬಲ್ಲವರ ಮೇಜಿಗೆ ಕಳಿಸಿ, ಸಿದ್ಧವಾದದ್ದನ್ನು ತಂದು ಕೂರಿಸಬಹುದು. ಹುಡುಗ ಹಾಗೆಯೇ ಮಾಡಿಸಿದ, ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಸಮೇತ.

ಇಲ್ಲೊಂದು ಕುತೂಹಲದ ಸಂಗತಿ. 3.50 ಅನುಪಾತಕ್ಕೆ ಕ್ರೌನಿನಲ್ಲಿ 35 ಹಲ್ಲು, ಪಿನಿಯನ್ನಿನಲ್ಲಿ 10. ಎರಡಕ್ಕೂ ಐದರ ಸಾಮಾನ್ಯ ಗುಣಕ ಇರುವುದರಿಂದ ಪಿನಿಯನ್ನಿನ ಒಂದೊಂದು ಹಲ್ಲೂ ಕ್ರೌನಿನ ಆಯ್ದ ಏಳು ಹಲ್ಲುಗಳನ್ನೇ ಮತ್ತೆ ಮತ್ತೆ ಭೇಟಿಯಾಗುತ್ತದೆ. ಇಂಥ ಜೋಡಿಯಲ್ಲಿ ಕಾರ್ಖಾನೆಯವರು ಬಣ್ಣದ ಗುರುತು ಹಾಕಿರುತ್ತಾರೆ, ಗುರುತಿಗೆ ಗುರುತು ಹೊಂದಿಸಿಯೇ ಕೂರಿಸಬೇಕು. 4.11ರಲ್ಲಿ 37 ಮತ್ತು 9. ಸಾಮಾನ್ಯ ಗುಣಕವಿಲ್ಲ, ಪ್ರತಿ ಹಲ್ಲೂ ಪ್ರತಿ ಹಲ್ಲನ್ನೂ ನೋಡಿ ಬರುತ್ತದೆ, ಗುರುತಿನ ಹಂಗಿಲ್ಲ. ಶಾಲೆಯಲ್ಲಿ ಮಹತ್ತಮ ಸಾಮಾನ್ಯ ಅಪವರ್ತನ ಯಾಕೆ ಕಲಿಯಬೇಕು ಎಂದು ಕೇಳುವ ಮಕ್ಕಳಿಗೆ ಇದನ್ನು ಹೇಳಬಹುದು.

ಕಾರಿನ ಕೆಳಗೆ

ಹಳೆಯದನ್ನು ಇಳಿಸುವುದು ಒಂದು ದಿನದ ಕೆಲಸ. ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಕಟ್ಟೆ ಕೊಟ್ಟು, ಹಿಂಭಾಗ ಎತ್ತಿ, ಕಮಾನು ಪಟ್ಟಿಯ ಮುಂಗಣ್ಣಿನ ಹತ್ತಿರ ಮೈಯ ಗಟ್ಟಿ ಚೌಕಟ್ಟಿನ ಕೆಳಗೆ ಎರಡು ಸ್ಟ್ಯಾಂಡು ಇಡಬೇಕು. ಜಾಕಿಯನ್ನು ನಂಬಿ ಯಾರೂ ಕಾರಿನ ಕೆಳಗೆ ನುಗ್ಗಬಾರದು. ಸ್ಟ್ಯಾಂಡಿನ ಮೇಲೆ ಕೂತ ಕಾರನ್ನು ಎರಡು ಕೈಯಿಂದ ಬಲವಾಗಿ ಅಲ್ಲಾಡಿಸು, ಬೀಳುವುದಾದರೆ ಈಗಲೇ ಬೀಳಲಿ ಎಂದರು ತಂದೆ. ಮಗ ಅಲ್ಲಾಡಿಸಿ ತೋರಿಸಿದ ಮೇಲೆಯೇ ಮುಂದಿನ ಮಾತು. ಹನ್ನೆರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ ಕೂತವರಿಗೆ ಬೇರೆ ಸಮಾಧಾನ ಇರಲಿಲ್ಲ. ತಾಯಿಯವರು ಕಾಫಿ ತಂದಿಟ್ಟು ಅಲ್ಲೇ ನಿಂತರು.

ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟಿಗೂ ಪಿನಿಯನ್ನಿನ ಫ್ಲ್ಯಾಂಜಿಗೂ ಗುರುತು ಹಾಕಿ ಬಿಚ್ಚುವುದು, ಬ್ರೇಕಿನ ರಬ್ಬರ್ ಹೋಸು ಕಳಚಿ ಬಾಯಿ ಮುಚ್ಚುವುದು, ಕೈ ಬ್ರೇಕಿನ ಕೇಬಲ್ ಬಿಡಿಸುವುದು, ಷಾಕ್ ಅಬ್ಸಾರ್ಬರಿನ ಕೆಳಬೋಲ್ಟು ತೆಗೆಯುವುದು, ಕೊನೆಗೆ ಆಕ್ಸಲ್ಲಿಗೆ ಜಾಕಿ ಆನಿಸಿ ಯೂ ಬೋಲ್ಟು ಬಿಚ್ಚುವುದು. ಸೈಲೆನ್ಸರಿನ ಕೊಳವೆ ಆಕ್ಸಲ್ಲಿನ ಮೇಲಿಂದ ಹಾದು ಹೋಗುವುದರಿಂದ ಅದನ್ನೂ ಇಳಿಸಬೇಕಾಯಿತು. ಬ್ರೇಕ್ ಡ್ರಮ್ಮಿನ ಧೂಳನ್ನು ಬಾಯಿಂದಲೋ ಗಾಳಿಯಿಂದಲೋ ಊದಬಾರದು. ಆ ಕಾಲದ ಲೈನಿಂಗಿನಲ್ಲಿ ಕಲ್ನಾರು ಇರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ ಚೀಲಕ್ಕೆ ಹಾಕಬೇಕು. ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಇಂದಿಗೂ ಊದುವುದನ್ನು ನೋಡುತ್ತೇವೆ.

ಹೌಸಿಂಗಿನ ಮೇಲೆ ಕಮಾನು ಪಟ್ಟಿ ಕೂರುವ ಪೀಠಗಳನ್ನು ಬೆಸುಗೆ ಹಾಕುವುದೇ ಈ ಕೆಲಸದ ಹೃದಯ. ಖಾಲಿ ಹೌಸಿಂಗಿನ ಜೊತೆ ಪೀಠಗಳು ಬಿಡಿಯಾಗಿ ಬಂದಿದ್ದವು. ಈ ಕಾರಿನಲ್ಲಿ ಪೀಠದ ಮಧ್ಯದಿಂದ ಪೀಠದ ಮಧ್ಯಕ್ಕೆ 43 ಇಂಚು. ಅಂತರ ಸರಿಯಿದ್ದರೆ ಸಾಲದು, ಪಿನಿಯನ್ನಿನ ಮೂತಿ ಯಾವ ಕೋನಕ್ಕೆ ನಿಲ್ಲುತ್ತದೆ ಎಂಬುದನ್ನು ನಿರ್ಧರಿಸುವುದೂ ಈ ಪೀಠಗಳೇ. ಪ್ರೊಪೆಲ್ಲರ್ ಶಾಫ್ಟಿನ ಎರಡೂ ತುದಿಯ ಜಾಯಿಂಟುಗಳ ಕೋನ ಒಂದಕ್ಕೊಂದು ಸಮನಾಗಿ, ಎದುರುಬದುರಾಗಿ ಇದ್ದರೆ ಒಂದರ ಓಲಾಟವನ್ನು ಇನ್ನೊಂದು ಅಳಿಸಿಹಾಕುತ್ತದೆ. ಇಲ್ಲದಿದ್ದರೆ ಕಾರು ನಡುಗುತ್ತದೆ, ಜಾಯಿಂಟು ಬೇಗ ಸವೆಯುತ್ತದೆ. ಗೇರುಪೆಟ್ಟಿಗೆಯ ಬಾಲ 3 ಡಿಗ್ರಿ ಕೆಳಕ್ಕೆ ಬಾಗಿತ್ತು. ಸಮಾನಾಂತರ ಬೇಕೆಂದರೆ ಪಿನಿಯನ್ನಿನ ಮೂತಿ 3 ಡಿಗ್ರಿ ಮೇಲಕ್ಕೆ ಇರಬೇಕು. ಆದರೆ ವೇಗ ಹಿಡಿಯುವಾಗ ಕಮಾನು ಪಟ್ಟಿ ತಿರುಚಿಕೊಂಡು ಮೂತಿ ಮೇಲೇಳುತ್ತದೆ. ಆ ಏಳುವಿಕೆಗೆಂದು ಎರಡು ಡಿಗ್ರಿ ಮೊದಲೇ ಕಳೆದು, ನಿಂತಾಗ 1 ಡಿಗ್ರಿ ಮೇಲಕ್ಕೆ ಇಡುವುದೆಂದು ಲೆಕ್ಕವಾಯಿತು.

ಮೂರನೆಯ ಭಾನುವಾರ ಹುಡುಗ ಪೀಠಗಳನ್ನು ಕಮಾನು ಪಟ್ಟಿಯ ಮೇಲೆ ಕೂರಿಸಿ, ಕೋನಮಾಪಕವನ್ನು ಹೌಸಿಂಗಿನ ಮುಂಭಾಗದ ನುಣುಪು ಮುಖಕ್ಕೆ ಹಿಡಿದು, ಸರಿಯಾಗಿ 1 ಡಿಗ್ರಿ ತೋರಿಸಿ, ನಾಲ್ಕು ಚುಕ್ಕೆ ಬೆಸುಗೆಯನ್ನೂ ಹಾಕಿ ಹೆಮ್ಮೆಯಿಂದ ಕ್ಯಾಮೆರಾ ತಿರುಗಿಸಿದ. ತಂದೆ ಕೇಳಿದ್ದು ಒಂದೇ ಪ್ರಶ್ನೆ: "ಕಾರು ಯಾವುದರ ಮೇಲೆ ನಿಂತಿದೆ?" ಕಾರು ಮೈಯ ಕೆಳಗಿನ ಸ್ಟ್ಯಾಂಡಿನ ಮೇಲಿತ್ತು, ಆಕ್ಸಲ್ ಕೆಳಗೆ ನೇತಾಡುತ್ತಿತ್ತು. ನೇತಾಡುವ ಆಕ್ಸಲ್ ಪಟ್ಟಿಯ ಮುಂಗಣ್ಣಿನ ಸುತ್ತ ಬಾಗಿ ಕೆಳಗಿಳಿದಿರುತ್ತದೆ, ಆಗ ಮೂತಿ ಇರಬೇಕಾದುದಕ್ಕಿಂತ ಮೇಲೆ ನೋಡುತ್ತದೆ. ಸ್ಟ್ಯಾಂಡುಗಳನ್ನು ಆಕ್ಸಲ್ಲಿನ ಕೆಳಕ್ಕೆ ಸರಿಸಿ ಕಾರಿನ ಪೂರ್ತಿ ಭಾರ ಪಟ್ಟಿಯ ಮೇಲೆ ಬೀಳುವಂತೆ ಮಾಡಿ ಮತ್ತೆ ಅಳೆದಾಗ ಮೂತಿ 3 ಡಿಗ್ರಿ ಕೆಳಕ್ಕೆ ನೋಡುತ್ತಿತ್ತು. ಅಂದರೆ ಸಮಾನಾಂತರದಿಂದ ಎರಡಲ್ಲ, ಆರು ಡಿಗ್ರಿ ದೂರ. ಪೂರ್ತಿ ಬೆಸುಗೆ ಹಾಕಿದ್ದರೆ ಹೌಸಿಂಗನ್ನೇ ಕೊಯ್ಯಬೇಕಾಗುತ್ತಿತ್ತು. ಚುಕ್ಕೆ ಬೆಸುಗೆಯಾದ್ದರಿಂದ ಗ್ರೈಂಡರಿನಲ್ಲಿ ಹತ್ತು ನಿಮಿಷದ ಕೆಲಸ. ಹುಡುಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ತಂದೆಯೇ, ತಾವು ಕೆಲಸಕ್ಕೆ ಸೇರಿದ ವರ್ಷ ಒಂದು ಹೌಸಿಂಗಿಗೆ ಪೀಠಗಳನ್ನು ತಲೆಕೆಳಗಾಗಿ ಬೆಸೆದ ಕಥೆ ಹೇಳಿದರು. ನಮಗೂ ಅದು ಹೊಸತೇ.

ಪೂರ್ತಿ ಬೆಸುಗೆಗೆ ಹೌಸಿಂಗನ್ನು ಹೊರತೆಗೆದು ಪಳಗಿದ ಬೆಸುಗೆಯವರ ಬಳಿ ಒಯ್ದರು. ಒಂದೇ ಕಡೆ ಉದ್ದಕ್ಕೆ ಬೆಸೆದರೆ ಕೊಳವೆ ಬಿಸಿಗೆ ಬಾಗುತ್ತದೆ, ಬಾಳೆಹಣ್ಣಿನ ಹಾಗೆ. ಬಾಗಿದ ಕೊಳವೆಯಲ್ಲಿ ಶಾಫ್ಟ್ ಸೀದಾ ಕೂರುವುದಿಲ್ಲ, ಬೇರಿಂಗು ಸಾಯುತ್ತದೆ. ಒಂದು ಇಂಚು ಈ ಕಡೆ, ಒಂದು ಇಂಚು ಆ ಕಡೆ, ನಡುವೆ ಆರಲು ಬಿಟ್ಟು ಹಾಕಬೇಕು. ಒಳಗೆ ಮುಂಡವಾಗಲಿ ಬೇರಿಂಗಾಗಲಿ ಇರಬಾರದು. ಬೆಸುಗೆಯ ವಿದ್ಯುತ್ತು ಬೇರಿಂಗಿನ ಮೂಲಕ ಹರಿದರೆ ಗುಂಡುಗಳ ಮೇಲೆ ಸುಟ್ಟ ಚುಕ್ಕೆ ಬೀಳುತ್ತವೆ.

ಜೋಡಣೆ ಬಿಚ್ಚಿದ್ದರ ತಿರುವು ಮುರುವು. ಯೂ ಬೋಲ್ಟುಗಳು ಮಾತ್ರ ಹೊಸವೇ ಬೇಕು, ಒಮ್ಮೆ ಎಳೆದು ಬಿಗಿದವು ಮತ್ತೆ ಅಷ್ಟೇ ಬಿಗಿ ಹಿಡಿಯುವುದಿಲ್ಲ. ಮುಂಡ ಮೂವತ್ತು ಕಿಲೋಗೂ ಹೆಚ್ಚು ತೂಗುತ್ತದೆ; ಅಂಗಾತ ಮಲಗಿ ಎದೆಯ ಮೇಲೆ ಇಟ್ಟುಕೊಂಡು ಎತ್ತುವ ಸಾಹಸ ಬೇಡ, ಜಾಕಿಯ ಮೇಲಿಟ್ಟು ಏರಿಸಿ. 9 ಇಂಚಿನ ಮೂತಿ ಉದ್ದ, ಆದ್ದರಿಂದ ಹಳೆಯ ಪ್ರೊಪೆಲ್ಲರ್ ಶಾಫ್ಟು ಉದ್ದವಾಯಿತು. ಗೇರುಪೆಟ್ಟಿಗೆಯೊಳಗೆ ಜಾರುವ ತುದಿಗೆ ಸುಮಾರು ಒಂದು ಇಂಚು ಆಡಲು ಜಾಗ ಬಿಟ್ಟು, ಅದನ್ನು ಕಡಿಮೆ ಮಾಡಿಸಿ ಬ್ಯಾಲೆನ್ಸ್ ಮಾಡಿಸಿಕೊಂಡು ಬಂದ. ಜಾಯಿಂಟಿನ ಶಿಲುಬೆಯೂ ಅಳತೆ ಬೇರೆ. ಎರಡು ತೋಳು ಒಂದು ಅಳತೆ, ಇನ್ನೆರಡು ಇನ್ನೊಂದು ಅಳತೆ ಇರುವ ಜೋಡಣೆ ಶಿಲುಬೆ ಅಂಗಡಿಯಲ್ಲೇ ಸಿಗುತ್ತದೆ.

ಹಿಂದೆ ಐದು ನಟ್ಟಾದರೆ ಮುಂದೆ ನಾಲ್ಕೇ ಉಳಿಯುವಂತಿಲ್ಲ. ಸ್ಟೆಪ್ನಿ ಎರಡು ಬೇಕಾಗುತ್ತದೆ ಎಂಬುದು ಸಣ್ಣ ಮಾತು. ಆರು ಸಿಲಿಂಡರಿನ ಕಾರಿನ ಸಣ್ಣ ಬ್ರೇಕು ವೀ-8ರ ವೇಗಕ್ಕೆ ಸಾಲದು ಎಂಬುದು ದೊಡ್ಡ ಮಾತು. ಹಾಗಾಗಿ ಮುಂದಿನ ಸ್ಪಿಂಡಲ್ ಸಮೇತ ಬದಲಿಸಿ ಡಿಸ್ಕ್ ಹಾಕಿ, ಹಿಂದೆ 10 ಇಂಚಿನ ಡ್ರಮ್ ಇಟ್ಟು, ನಡುವೆ ಒತ್ತಡ ಹಂಚುವ ವಾಲ್ವ್ ಸೇರಿಸಿದ. ಹಿಂದಿನ ಚಕ್ರ ಮುಂದಿನದಕ್ಕಿಂತ ಮೊದಲು ಕಚ್ಚಿಕೊಂಡರೆ ಕಾರು ಬುಗುರಿಯಾಗುತ್ತದೆ. ಖಾಲಿ ಮೈದಾನದಲ್ಲಿ, ಕಡಿಮೆ ವೇಗದಲ್ಲಿ ಹತ್ತು ಸಲ ಬ್ರೇಕು ಹೊಡೆದು ನೋಡಿದ ಮೇಲೆಯೇ ರಸ್ತೆ.

ಎಣ್ಣೆ ಜಿಎಲ್-5 ದರ್ಜೆಯದು, ರಂಧ್ರದ ಮಟ್ಟದವರೆಗೆ, ಎರಡೂವರೆ ಲೀಟರ್ ಆಸುಪಾಸು ಹಿಡಿಯಿತು. ಕ್ಲಚ್ ತಟ್ಟೆಗಳಿರುವ ಲಿಮಿಟೆಡ್ ಸ್ಲಿಪ್ ಆದ್ದರಿಂದ ಅದರ ವಿಶೇಷ ದ್ರವವನ್ನೂ ಬೆರೆಸಬೇಕು, ಇಲ್ಲದಿದ್ದರೆ ತಿರುವಿನಲ್ಲಿ ಕಟಕಟ ಎನ್ನುತ್ತದೆ. ಹೊಸ ಕ್ರೌನ್-ಪಿನಿಯನ್ನನ್ನು ಮೊದಲ ದಿನ ಇಪ್ಪತ್ತು ನಿಮಿಷ ಮೆಲ್ಲಗೆ ಓಡಿಸಿ ಪೂರ್ತಿ ಆರಲು ಬಿಡಬೇಕು. ಒಂದಕ್ಕೊಂದು ಉಜ್ಜಿ ಹೊಂದಿಕೊಳ್ಳುವ ಹೊತ್ತಿನಲ್ಲಿ ಬಿಸಿ ಏರಿದರೆ ಹಲ್ಲಿನ ಮುಖದ ಗಡಸುತನ ಹೋಗುತ್ತದೆ. 800 ಕಿಲೋಮೀಟರಿಗೆ ಎಣ್ಣೆ ಬದಲಿಸಬೇಕು. ಈ ಹೌಸಿಂಗಿಗೆ ಕೆಳಗೆ ಬಿರಡೆಯೇ ಇಲ್ಲ. ಪಂಪಿನಿಂದ ಹೀರಬೇಕು ಇಲ್ಲವೇ ಮುಂಡದ ನಟ್ಟು ಸಡಿಲಿಸಿ ಸುರಿಸಬೇಕು.

ಕಳೆದ ವಾರ ಹುಡುಗ ಆ ಎಣ್ಣೆ ಬದಲಿಸಿ, ಹಳೆಯ ಎಣ್ಣೆಯೊಳಗೆ ಅಯಸ್ಕಾಂತ ಅದ್ದಿ ಚಿತ್ರ ಕಳಿಸಿದ್ದಾನೆ. ವಿಭೂತಿಯಂಥ ನುಣುಪು ಬೂದಿ ಮೆತ್ತಿಕೊಂಡಿದೆ, ಚೂರುಗಳಿಲ್ಲ. ಹಿರಿಯರು ಅದನ್ನು ದೊಡ್ಡದು ಮಾಡಿ ನೋಡಿ, ಮತ್ತೊಬ್ಬರಿಗೆ ತೋರಿಸಿ, ಯೂ ಬೋಲ್ಟು ಇನ್ನೊಮ್ಮೆ ಬಿಗಿದೆಯಾ ಎಂದು ಕೇಳಿದರು. ಬಿಗಿದಿದ್ದಾನೆ. ಸ್ಪೀಡೋಮೀಟರಿನ ಹಲ್ಲುಚಕ್ರ ಮಾತ್ರ ಇನ್ನೂ ಹಳೆಯದೇ. ಅದು ಗೇರುಪೆಟ್ಟಿಗೆಯ ಬಾಲದಿಂದ ತಿರುಗುವುದರಿಂದ, ಕಾರು ನಿಜಕ್ಕೂ 100ರಲ್ಲಿ ಹೋಗುವಾಗ 109 ತೋರಿಸುತ್ತಿದೆ. ಅದನ್ನು ಸದ್ಯಕ್ಕೆ ಬದಲಿಸಬೇಡ ಎಂದು ತಾಯಿಯವರು ಹೇಳಿದ್ದಾರೆ.